ಮನೆಯ ಕೈಗೆಲಸ: ಎರಕದೊಳಗಣ ಗಾಳಿಗುಳ್ಳೆ

ಸಾಗವಾನಿಯ ಕಾಡಿಗೆ ಹೆಸರಾದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಮನೆಗಳಲ್ಲಿ ಹಳೆಯ ತೊಲೆಯ ತುಂಡೊಂದನ್ನು ಜತನದಿಂದ ಇರಿಸಿಕೊಂಡಿರುವುದುಂಟು. ಅದರ ಬಿರುಕಿಗೆ ಎಪಾಕ್ಸಿ ರೆಸಿನ್ ಎರೆದು ಮೇಜಿನ ಹಲಗೆಯನ್ನಾಗಿ ಮಾಡಿಕೊಳ್ಳುವ ಹವ್ಯಾಸವು ಈಗ ಬೆಳೆದಿರುತ್ತದೆ. ರೆಸಿನ್ ಕೆಟ್ಟರೆ ಅಂಗಡಿಯಿಂದ ಮತ್ತೆ ತರಬಹುದು. ಅಜ್ಜನ ಕಾಲದ ತೊಲೆಯನ್ನು ತರುವುದೆಲ್ಲಿಂದ? ಆದುದರಿಂದ ಗುಳ್ಳೆಯ ಮೂಲವನ್ನರಿತು ಕೆಲಸಕ್ಕೆ ತೊಡಗುವುದು ಲೇಸು.

ರಭಸದಿಂದ ಕಲಕುವುದೇ ಗುಳ್ಳೆಗೆ ಕಾರಣವೆಂದು ಹಲವರು ಎಣಿಸುವರು. ಅದು ಅರ್ಧ ಸತ್ಯ. ಮರದ ಸೂಕ್ಷ್ಮ ನಾಳಗಳಲ್ಲಿಯೂ ಗಾಳಿ ತುಂಬಿರುತ್ತದೆ. ರೆಸಿನ್ ಗಟ್ಟಿಯಾಗುವಾಗ ತಾನಾಗಿ ಬಿಸಿಯೇರುವುದು. ಆ ಬಿಸಿಗೆ ಗಾಳಿಯು ಹಿಗ್ಗಿ ಹೊರಟು, ಮೇಲೇರುವಷ್ಟರಲ್ಲಿ ದ್ರವವು ಬಿಗಿದರೆ ಅಲ್ಲಿಯೇ ಸೆರೆಯಾಗುವುದು. ಮಳೆಗಾಲದ ತೇವವು ಇನ್ನೊಂದು ವೈರಿ. ಪಾಲಿಯುರೆಥೇನ್ ಜಾತಿಯ ರೆಸಿನ್ನಂತೂ ನೀರಿನಂಶದೊಡನೆ ಕೂಡಿ ಇಂಗಾಲಾಮ್ಲ ವಾಯುವನ್ನು ಹುಟ್ಟಿಸಿ ನೊರೆಯೇಳುವುದು. ಜೋಯಿಡಾದಂತಹ ಮಳೆನಾಡಿನವರು ಈ ಕೆಲಸವನ್ನು ಬೇಸಗೆಗೆ ಇರಿಸಿಕೊಳ್ಳುವುದು ಉತ್ತಮ.

ಮರವನ್ನು ಚೆನ್ನಾಗಿ ಒಣಗಿಸಿ, ಮೊದಲು ರೆಸಿನ್ನಿನ ತೆಳುವಾದ ಲೇಪವೊಂದನ್ನು ಕುಂಚದಿಂದ ಹಚ್ಚಿರಿ. ನಾಳಗಳ ಬಾಯಿ ಮುಚ್ಚುವುದು. ಬಿಸಿಲಿನಲ್ಲಿ ಕಾದ ಮರಕ್ಕೆ ನೆರಳಿಗೆ ತಂದು ಹಚ್ಚಿದರೆ, ಆರುತ್ತಿರುವ ಮರವು ಗಾಳಿಯನ್ನು ಉಗುಳದೆ ಲೇಪವನ್ನೇ ಒಳಗೆಳೆದುಕೊಳ್ಳುವುದು. ಲೇಪವು ಅಂಟುವ ಹದಕ್ಕೆ ಬಂದಾಗ ಮುಖ್ಯ ಎರಕವನ್ನು ಮಾಡಬೇಕು. ಡಬ್ಬಿಯ ಮೇಲೆ ಹೇಳಿದ ಪ್ರಮಾಣವನ್ನು ಮೀರದೆ, ೩ರಿಂದ ೫ ನಿಮಿಷ ಮೆಲ್ಲನೆ ಕಲಸಿ, ಹೇಳಿದ ದಪ್ಪಕ್ಕಿಂತ ಹೆಚ್ಚಾಗದಂತೆ ಪದರ ಪದರವಾಗಿ ಎರೆಯತಕ್ಕದ್ದು.

ಅಚ್ಚು ತೆಗೆಯುವ ಸಿಲಿಕೋನ್ ಬಹಳ ಮಂದವಾದುದು. ಮೂಲವಸ್ತುವಿನ ಸಂದುಗಳಿಗೆ ಮೊದಲು ಅದನ್ನೇ ಕುಂಚದಿಂದ ತೆಳ್ಳಗೆ ಬಳಿಯಿರಿ. ಬಳಿಕ ಪೆಟ್ಟಿಗೆಯ ಒಂದೇ ಮೂಲೆಗೆ, ಮೊಳದೆತ್ತರದಿಂದ, ನೂಲಿನಂತಹ ಧಾರೆಯಾಗಿ ಸುರಿಯಿರಿ. ಧಾರೆಯು ಎಳೆಯಾದಂತೆ ಗುಳ್ಳೆಗಳು ಹಿಗ್ಗಿ ಒಡೆಯುವುವು. ದ್ರವವು ತಾನಾಗಿ ಏರುತ್ತ ಗಾಳಿಯನ್ನು ಮುಂದಕ್ಕೆ ದೂಡುವುದು. ನಿರ್ವಾತ ಯಂತ್ರವುಳ್ಳವರು ನಾಲ್ಕೈದು ಪಟ್ಟು ದೊಡ್ಡ ಪಾತ್ರೆಯನ್ನು ಬಳಸಬೇಕು. ಸಿಲಿಕೋನ್ ಹಾಲಿನಂತೆ ಉಕ್ಕುವುದು.

ಕಿಟಕಿ ತೆರೆದಿರಲಿ, ಕೈಗೆ ಗವಸಿರಲಿ, ಮಕ್ಕಳು ದೂರವಿರಲಿ. ಬೆಲೆಯುಳ್ಳ ತುಂಡಿಗೆ ಕೈಹಾಕುವ ಮೊದಲು, ಅದೇ ಜಾತಿಯ ಮರದ ಚೂರೊಂದರ ಮೇಲೆ ಪರೀಕ್ಷಿಸಿ ನೋಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.