ಗಾಡಿಯ ಗಂಟಲು

ರೋಗಿಯ ನಾಲಗೆಯನ್ನು ನೋಡಿ ವೈದ್ಯನು ಹೊಟ್ಟೆಯ ಸಮಾಚಾರವನ್ನು ಹೇಳುತ್ತಾನಷ್ಟೆ. ಮೋಟಾರು ಸೈಕಲ್ಲಿನ ಮೇಸ್ತ್ರಿಯೂ ಹಾಗೆಯೇ. ಪ್ಲಗ್ಗನ್ನು ಬಿಚ್ಚಿ, ಅದರ ತುದಿಯ ಬಣ್ಣವನ್ನು ಬೆಳಕಿಗೆ ಹಿಡಿದು, ಗಾಡಿಯ ಕಾಯಿಲೆಯನ್ನೂ ಅದರ ಯಜಮಾನನ ಸ್ವಭಾವವನ್ನೂ ಒಟ್ಟಿಗೇ ಹೇಳಿಬಿಡುತ್ತಾನೆ. ನನ್ನ ಸ್ವಭಾವವನ್ನು ಒಬ್ಬ ಮೇಸ್ತ್ರಿ ಹೀಗೆ ಓದಿ ಹೇಳಿದ ಪ್ರಸಂಗವನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ. ಕಾಲೇಜಿನಲ್ಲಿ ಛಂದಸ್ಸಿನ ಪಾಠ ಹೇಳುವವನಿಗೆ ಕಾರ್ಬೊರೇಟರಿನ ಗೊಡವೆ ಏಕೆಂದು ನೀವು ಕೇಳಬಹುದು. ನನ್ನ ಮನೆಯವರೂ ಅದನ್ನೇ ಕೇಳಿದ್ದರು.

ಮಾನ್ವಿ ತಾಲೂಕಿನ ಕುರ್ಡಿ ನನ್ನ ಹುಟ್ಟೂರು. ಅಲ್ಲಿನ ನಮ್ಮ ಮನೆಯಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಉಂಟು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದಾಗ, 1988ರಲ್ಲಿ, ಸಾಲ ಮಾಡಿ ಕೊಂಡದ್ದು. ಅದರ ಟ್ಯಾಂಕಿನ ಮೇಲೆ ಕುಳಿತೇ ನಾನು ಲೋಕವನ್ನು ಮೊದಲು ನೋಡಿದೆ. ಎರೆಹೊಲಗಳ ನಡುವೆ ಎರಡು ಸೈಲೆನ್ಸರುಗಳಿಂದ ಹೊಗೆ ಬಿಡುತ್ತ ಅದು ಬರುತ್ತಿದ್ದರೆ, ಊರ ಅಗಸೆಯಲ್ಲಿ ಕುಳಿತವರು ತಲೆಯೆತ್ತದೆಯೇ, 'ಮಾಸ್ತರು ಬಂದ್ರು' ಎನ್ನುತ್ತಿದ್ದರು.

ಈ ಗಾಡಿಯ ವಂಶಾವಳಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಚೆಕ್ ನಾಡಿನ ಜಾವಾ ಗಾಡಿಗಳನ್ನು ನಮ್ಮಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2022ರಲ್ಲಿ ಯೆಜ್ಡಿಯೆಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಆ ಗಾಡಿಗಳಿಗೆ ಕಾರ್ಬೊರೇಟರೇ ಇಲ್ಲ. ಪೆಟ್ರೋಲನ್ನು ಅಳೆದು ಚಿಮುಕಿಸುವ ಕೆಲಸವನ್ನು ಅವುಗಳಲ್ಲಿ ವಿದ್ಯುತ್ ಯಂತ್ರವೇ ಮಾಡುತ್ತದೆ. ಹಳೆಯ ಗಾಡಿಯನ್ನು ಇಟ್ಟುಕೊಂಡವರು ಮಾತ್ರ ತಮ್ಮ ಕಿವಿಯನ್ನೂ ಕಣ್ಣನ್ನೂ ನಂಬಿ ಬಾಳಬೇಕು.

ನಮ್ಮ ಗಾಡಿಗೆ ಮೊದಲು ಇದ್ದದ್ದು ಜಿಕೋವ್ ಎಂಬ ಚೆಕ್ ಮಾದರಿಯ ಕಾರ್ಬೊರೇಟರು. ಮೂವತ್ತೇಳು ವರ್ಷಗಳ ದುಡಿಮೆಯಲ್ಲಿ ಅದರ ಸ್ಲೈಡು ಸವೆದು, ಮೈಗೂ ಸ್ಲೈಡಿಗೂ ನಡುವೆ ಸಂದು ಬಿದ್ದು, ಗಾಳಿ ಕದ್ದು ಒಳನುಗ್ಗತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಒಮ್ಮೆ ಸಾಯುವುದು, ಒಮ್ಮೆ ಕಾರಣವಿಲ್ಲದೆ ಅರಚುವುದು. ಬದಲಿ ಕಾರ್ಬೊರೇಟರು ಅನಿವಾರ್ಯವಾಯಿತು. 2025ರ ಮಾರ್ಚಿಯಲ್ಲಿ ನಗರದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಮೂಲದಷ್ಟೇ ಕಂಠವುಳ್ಳ ಸಾಧುಪ್ರಾಣಿ. ಇನ್ನೊಂದು ಅದಕ್ಕಿಂತ ನಾಲ್ಕು ಮಿಲಿಮೀಟರು ದೊಡ್ಡ ಕಂಠದ್ದು, ಬೆಳ್ಳಿಯಂತೆ ಹೊಳೆಯುವಂಥದು. "ಇದನ್ನ ಹಾಕ್ರಿ ಸರ್, ಗಾಡಿ ಹಾರ್ತೈತಿ" ಎಂದ. ಹಾರುವ ಆಸೆ ಯಾರಿಗಿಲ್ಲ? ದೊಡ್ಡದನ್ನೇ ತಂದೆ. ಅದರೊಡನೆ, ಮೈಲೇಜೂ ಬರಲೆಂದು, ಸಣ್ಣ ಜೆಟ್ಟೊಂದನ್ನು ಹಾಕಿಸಿಕೊಂಡೆ. ದಾನವನ್ನೂ ಮಾಡಬೇಕು, ಗಂಟೂ ಕರಗಬಾರದು ಎಂಬ ಜಾಣತನವದು.

ಏಪ್ರಿಲಿನ ಒಂದು ಮಧ್ಯಾಹ್ನ ತಂದೆಯವರನ್ನು ಕಣ್ಣಿನ ಪರೀಕ್ಷೆಗೆಂದು ಹಿಂದೆ ಕೂರಿಸಿಕೊಂಡು ರಾಯಚೂರಿನತ್ತ ಹೊರಟೆ. ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿತ್ತು. ಬಯಲು ರಸ್ತೆ, ಗಾಡಿ ನಿಜವಾಗಿಯೂ ಹಾರುತ್ತಿದೆಯೆಂದೇ ನಾನು ಹಿಗ್ಗುತ್ತಿದ್ದೆ. ಒಮ್ಮೆಲೇ ಇಂಜಿನ್ನು ಕಿರ್ರೆಂದು ಕಚ್ಚಿ ಹಿಡಿಯಿತು. ಹಿಂದಿನ ಚಕ್ರ ನಿಂತು ರಸ್ತೆಯ ಮೇಲೆ ಜಾರತೊಡಗಿತು. ಕೈ ತಾನಾಗಿಯೇ ಕ್ಲಚ್ಚನ್ನು ಹಿಡಿದದ್ದರಿಂದ ಬದುಕಿದೆವು. ಗಾಡಿ ರಸ್ತೆಯ ಅಂಚಿನ ಜಾಲಿಯ ಬಳಿ ಹೋಗಿ ನಿಂತಾಗ ನನ್ನ ಕಾಲು ನಡುಗುತ್ತಿದ್ದವು. ಎಪ್ಪತ್ತು ದಾಟಿದ ತಂದೆಯವರು ಮೆಲ್ಲಗೆ ಇಳಿದು, ಧೋತರದ ಧೂಳನ್ನು ಕೊಡವಿಕೊಂಡು, "ತಮ್ಮಾ, ನಾಕು ದಿನದಿಂದ ಇದರ ದನಿ ಬ್ಯಾರೆ ಆಗೈತಿ ಅಂತ ಹೇಳಾಕತ್ತೀನಿ. ನೀ ಕೇಳ್ಲಿಲ್ಲ" ಎಂದರು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ರಾಯಚೂರಿನಲ್ಲಿ ನಾವು ಚಾಚಾ ಎಂದು ಕರೆಯುವ ವೃದ್ಧ ಮೇಸ್ತ್ರಿಯೊಬ್ಬರಿದ್ದಾರೆ. ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಅವರಲ್ಲಿಗೆ ಹೋದೆ. ಅವರು ಪ್ಲಗ್ಗನ್ನು ಬಿಚ್ಚಿದರು. ತುದಿ ಸುಣ್ಣದಂತೆ ಬೆಳ್ಳಗಿತ್ತು. ಹೆಡ್ಡನ್ನು ತೆಗೆದು ಸಿಲಿಂಡರನ್ನು ಎತ್ತಿದರು. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಗೀರುಗಳು. ಬಳಿಕ ಹೊಳೆಯುವ ಕಾರ್ಬೊರೇಟರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬಾಯಿ ದೊಡ್ಡದು ಮಾಡೀರಿ ಸರ್, ಹೊಟ್ಟಿ ಅಷ್ಟೇ ಐತಲ್ರಿ?" ಎಂದರು.

ಆ ಒಂದು ಮಾತಿನ ಭಾಷ್ಯ ಹೀಗೆ. ಕಾರ್ಬೊರೇಟರೆಂದರೆ ಇಂಜಿನ್ನಿನ ಗಂಟಲು. ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುವಾಗ ಆ ಗಾಳಿ ಇಕ್ಕಟ್ಟಾದ ಕಂಠದಲ್ಲಿ ವೇಗವಾಗಿ ಹರಿಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ಆ ಕುಗ್ಗಿದ ಒತ್ತಡವೇ ಜೆಟ್ಟಿನ ರಂಧ್ರದಿಂದ ಪೆಟ್ರೋಲನ್ನು ಮೇಲಕ್ಕೆಳೆಯುತ್ತದೆ. 24 ಮಿಲಿಮೀಟರಿನ ಕಂಠದ ಬದಲು 28ರದನ್ನು ಹಾಕಿದರೆ ಹೆಚ್ಚಿದ್ದು ನಾಲ್ಕೇ ಎಂದು ತೋರುತ್ತದೆ. ಆದರೆ ಗಾಳಿ ಹಾಯುವ ಬಾಯಿಯ ವಿಸ್ತಾರ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಬೆಳೆಯುತ್ತದೆ. ಅದೇ 250 ಸಿ.ಸಿ.ಯ ಇಂಜಿನ್ನು ಎಳೆಯುವ ಗಾಳಿ ಅಗಲವಾದ ಹಾದಿಯಲ್ಲಿ ಸೋಮಾರಿಯಾಗುತ್ತದೆ, ಪೆಟ್ರೋಲು ಮೇಲೇಳುವುದಿಲ್ಲ. ಪೆಟ್ರೋಲಿಗಿಂತ ಗಾಳಿ ಹೆಚ್ಚಾದ ಉರಿ ಬಲು ಬಿಸಿ. ಇನ್ನು ಯೆಜ್ಡಿಯು ಎರಡು ಸ್ಟ್ರೋಕಿನ ಇಂಜಿನ್ನು. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಆದುದರಿಂದ ಪೆಟ್ರೋಲಿಗೆ ಬರ ಬಂದಿತೆಂದರೆ ಎಣ್ಣೆಗೂ ಬರ ಬಂದಂತೆಯೇ. ನಾನು ಸಣ್ಣ ಜೆಟ್ಟಿನಿಂದ ಉಳಿಸಿದ್ದು ಪೆಟ್ರೋಲನ್ನಲ್ಲ, ಪಿಸ್ಟನ್ನಿನ ಅನ್ನವನ್ನು.

ಇನ್ನೊಂದು ತಪ್ಪೂ ಇತ್ತು. ದೊಡ್ಡ ಕಾರ್ಬೊರೇಟರನ್ನು ಸಿಲಿಂಡರಿಗೆ ಕೂಡಿಸಲು ಅಂಗಡಿಯಲ್ಲಿ ಒಂದು ಅಲ್ಯುಮಿನಿಯಮ್ಮಿನ ತುಂಡನ್ನು ಕೊಟ್ಟಿದ್ದರು. ಚಾಚಾ ಅದನ್ನು ಕನ್ನಡಿಯ ಮೇಲಿಟ್ಟು ಬೆರಳಿನಿಂದ ಒತ್ತಿದರು. ಒಂದು ಮೂಲೆ ಟಕಟಕನೆ ಕುಣಿಯಿತು. ಆ ಕೂದಲೆಳೆಯ ಸಂದಿನಿಂದಲೂ ಗಾಳಿ ಕಳ್ಳತನದಲ್ಲಿ ಒಳಗೆ ಹೋಗುತ್ತಿತ್ತು.

ಈ ವ್ಯಾಧಿ ನನ್ನೊಬ್ಬನದೇ ಅಲ್ಲವೆಂದು ಆಮೇಲೆ ಓದಿ ತಿಳಿದು ಸಮಾಧಾನಪಟ್ಟೆ. ಪಿಸ್ಟನ್ನು ಮೇಲೆ ಕೆಳಗೆ ಓಡುವ ಬದಲು ಮೂರು ಮೂಲೆಯ ರೋಟರೊಂದು ಗೂಡಿನೊಳಗೆ ಸುತ್ತುವ ಇಂಜಿನ್ನೊಂದುಂಟು. ಜರ್ಮನಿಯ ಫೆಲಿಕ್ಸ್ ವಾಂಕೆಲನ ಹೆಸರಿನದು. ಅದನ್ನು 1964ರಲ್ಲಿ ಜರ್ಮನಿಯ ಎನ್.ಎಸ್.ಯು. ಕಂಪನಿಯೂ 1967ರಲ್ಲಿ ಜಪಾನಿನ ಮಾಜ್ದಾ ಕಂಪನಿಯೂ ಕಾರುಗಳಲ್ಲಿಟ್ಟು ಮಾರಿದವು. 1978ರಲ್ಲಿ ಬಂದ ಮಾಜ್ದಾ ಆರ್‌ಎಕ್ಸ್-7ರ ಇಂಜಿನ್ನು ಬರಿಯ 1146 ಸಿ.ಸಿ.ಯದು, ಅದರ ಮೇಲೆ ನಾಲ್ಕು ಕಂಠಗಳ ನಿಕ್ಕಿ ಕಾರ್ಬೊರೇಟರು ಕುಳಿತಿತ್ತು. ಅದನ್ನು ಕಿತ್ತು ವೆಬರ್, ಡೆಲ್ಲೊರ್ಟೊ, ಹೋಲಿ ಎಂಬ ದೊಡ್ಡ ಗಂಟಲುಗಳನ್ನು ಕೂಡಿಸುವ ಹವ್ಯಾಸಿಗಳು ದೇಶದೇಶಗಳಲ್ಲಿದ್ದಾರೆ. ಆ ಇಂಜಿನ್ನಿಗೂ ನಮ್ಮ ಯೆಜ್ಡಿಗೂ ದೂರದ ನೆಂಟಸ್ತನವಿದೆ. ಎರಡರಲ್ಲೂ ಕವಾಟಗಳಿಲ್ಲ, ತಿರುಗುವ ಅಥವಾ ಓಡುವ ಅಂಗವೇ ಗಾಳಿಯ ಕಿಂಡಿಯನ್ನು ಮುಚ್ಚಿ ತೆರೆಯುತ್ತದೆ. ಎರಡೂ ಎಣ್ಣೆಯನ್ನು ತಮ್ಮ ಉರಿಯೊಡನೆಯೇ ಸುಡುತ್ತವೆ. ಅಲ್ಲಿಯೂ ಪೆಟ್ರೋಲು ಕಡಮೆಯಾದರೆ ಉರಿ ಅಕಾಲದಲ್ಲಿ ಸಿಡಿದು ರೋಟರಿನ ಮೂಲೆಯ ಸೀಲುಗಳು ಒಡೆಯುತ್ತವೆ. ಯಂತ್ರ ಬೇರೆ, ಪಾಪದ ಫಲ ಒಂದೇ.

ಸಿಲಿಂಡರನ್ನು ಬೋರು ಮಾಡಿಸಿ, ಹೊಸ ಪಿಸ್ಟನ್ನು ಕೂಡಿಸಿದ್ದಾಯಿತು. ನಾನು ಬಿಟ್ಟು ಬಂದಿದ್ದ ಸಾಧುಪ್ರಾಣಿಯನ್ನೇ ಹುಡುಕಿ ತಂದೆ. ಆರಿಸುವಾಗ ನೋಡಬೇಕಾದದ್ದನ್ನು ಚಾಚಾ ಬೆರಳು ಮಡಿಚಿ ಹೇಳಿದರು: ಕಂಠ ಇಂಜಿನ್ನಿಗೆ ತಕ್ಕಷ್ಟೇ ಇರಬೇಕು, ಕೂಡುವ ಮುಖ ಸಪಾಟಾಗಿರಬೇಕು, ಹಳೆಯ ಗಾಳಿಯ ಫಿಲ್ಟರು ಅದಕ್ಕೆ ಹೊಂದಬೇಕು, ಇಲ್ಲವಾದರೆ ನಮ್ಮ ಎರೆಯ ಧೂಳು ಸಿಲಿಂಡರಿಗೆ ಅರವಾಗುತ್ತದೆ, ಕೊನೆಯದಾಗಿ, ಅದರ ಜೆಟ್ಟುಗಳು ನಮ್ಮೂರಿನಲ್ಲೇ ಸಿಗಬೇಕು.

ಇನ್ನು ಹದಗೊಳಿಸುವ ಕ್ರಮ. ಮೊದಲು ಪಾಯಿಂಟನ್ನೂ ಟೈಮಿಂಗನ್ನೂ ಸರಿಪಡಿಸಿದರು; ಕಿಡಿಯ ತಪ್ಪನ್ನು ಪೆಟ್ರೋಲಿನ ತಲೆಗೆ ಕಟ್ಟಬಾರದಂತೆ. ಎರಡನೆಯದಾಗಿ ಫ್ಲೋಟಿನ ಎತ್ತರವನ್ನು ಅಳೆದರು. ಆಮೇಲೆ ಇಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ ಗಾಳಿಯ ಸ್ಕ್ರೂವನ್ನು ತಿರುವಿ ನಿಂತ ಓಟವನ್ನು ಹದಕ್ಕೆ ತಂದರು. ಅರ್ಧ ಎಕ್ಸಿಲರೇಟರಿನಲ್ಲಿ ಅಧಿಕಾರ ನಡೆಸುವುದು ಸ್ಲೈಡಿನಿಂದ ಇಳಿಬಿದ್ದ ಸೂಜಿ. ಅದರ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಟ್ಟರೆ ಸೂಜಿ ಮೇಲೆದ್ದು ಪೆಟ್ರೋಲು ಹೆಚ್ಚುತ್ತದೆ. ಪೂರ್ಣ ತೆರೆದಾಗ ದೊರೆತನ ಮುಖ್ಯ ಜೆಟ್ಟಿನದು. ಅದನ್ನು ದೊಡ್ಡದರಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಕೆಳಗಿಳಿಯಬೇಕು, ಸಣ್ಣದರಿಂದ ಮೇಲೇರಬಾರದು. ಪ್ರತಿ ಸಲವೂ ಪೂರ್ಣ ವೇಗದಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ಚು ಹಿಡಿದು ಕೀಲಿಯನ್ನು ಆರಿಸಿ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಮಸಿಯಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಅಪಾಯ, ಹುರಿದ ಕಾಫಿಬೀಜದ ಬಣ್ಣವಿದ್ದರೆ ಕ್ಷೇಮ.

ನಡುವೆ ನಾನು ಅವಸರಿಸಿ, "ಚಾಚಾ, ಸೂಜಿನೂ ಜೆಟ್ಟೂ ಕೂಡೇ ಬದಲಿ ಮಾಡಿಬಿಡೂಣಲ್ರಿ" ಎಂದೆ. ಅವರು ಕೈಯೊರೆಸಿಕೊಂಡು, "ಒಂದೇ ಸಲ ಎರಡು ತಿರುವಬ್ಯಾಡ್ರಿ ಸರ್. ಗಾಡಿ ಯಾವುದಕ್ಕ ಹೂಂ ಅಂತು ಅನ್ನೋದು ಗೊತ್ತಾಗಂಗಿಲ್ಲ" ಎಂದರು. ಹಸ್ತಪ್ರತಿಗಳ ಪಾಠಾಂತರಗಳನ್ನು ಮುಂದಿಟ್ಟುಕೊಂಡು ಇದೇ ನೀತಿಯನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಬೋಧಿಸುತ್ತೇನೆ: ತಿದ್ದುವುದಾದರೆ ಅತ್ಯಲ್ಪವಾಗಿ ತಿದ್ದಬೇಕು, ಆಧಾರವಿದ್ದಷ್ಟೇ ತಿದ್ದಬೇಕು, ನಮಗೆ ಸೊಗಸೆನಿಸಿದ್ದನ್ನು ಕವಿಯ ಬಾಯಿಗೆ ತುರುಕಬಾರದು. ಬೋಧಿಸಿದವನು ಮಾತ್ರ ತಂದೆಯ ಗಾಡಿಯ ಬಾಯಿಗೆ ತನ್ನ ಆಸೆಯನ್ನೇ ತುರುಕಿದ್ದ.

ನಮ್ಮ ಸೀಮೆಯವರು ನೆನಪಿಡಬೇಕಾದ ಎರಡು ವಿಷಯಗಳನ್ನು ಹೇಳಿ ಮುಗಿಸುತ್ತೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ; ರಾಯಚೂರು ಸುಮಾರು 400. ಇಲ್ಲಿ ಗಾಳಿ ದಟ್ಟ. ಆದರೆ ನಮ್ಮ ಬೇಸಗೆಯ ಕಾವು ಅದನ್ನು ಮತ್ತೆ ತೆಳುವಾಗಿಸುತ್ತದೆ. ಮೋಸವಿರುವುದು ಅಲ್ಲಿಯೇ. ಏಪ್ರಿಲಿನ ಮಧ್ಯಾಹ್ನ ಸರಿಯೆನಿಸಿದ ಜೆಟ್ಟು ಡಿಸೆಂಬರಿನ ನಸುಕಿನ ದಟ್ಟ ಗಾಳಿಗೆ ಸಾಲದೆ ಹೋಗುತ್ತದೆ. ಆದುದರಿಂದ ಚಳಿಗಾಲದ ಬೆಳಗಿನಲ್ಲಿಯೇ ಕೊನೆಯ ಪರೀಕ್ಷೆ ಮಾಡಬೇಕು; ಬೇಸಗೆಯಲ್ಲಿ ಪೆಟ್ರೋಲು ತುಸು ಹೆಚ್ಚಾದರೆ ಹೊಗೆ ಬಂದೀತು, ಪ್ರಾಣ ಹೋಗದು. ಎರಡನೆಯದು, 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಮುಟ್ಟಿತು. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ, ಅಷ್ಟೇ ಗಾಳಿಗೆ ಪೆಟ್ರೋಲು ಸ್ವಲ್ಪ ಹೆಚ್ಚು ಬೇಕು. 1988ರಲ್ಲಿ ಸರಿಹೋಗುತ್ತಿದ್ದ ಜೆಟ್ಟನ್ನೇ ಇಂದೂ ನಂಬಿದರೆ ಮೋಸಹೋದಂತೆ.

ಡಿಸೆಂಬರಿನ ಒಂದು ನಸುಕಿನಲ್ಲಿ ಕುರ್ಡಿಗೆ ಹೋದೆ. ಕಟ್ಟೆಯ ಮೇಲೆ ಶಾಲು ಹೊದ್ದು ಕುಳಿತಿದ್ದ ತಂದೆಯವರ ಮುಂದೆ ಇಂಜಿನ್ನನ್ನು ಆರಿಸದೆ ನಿಲ್ಲಿಸಿ, "ಅಪ್ಪಾ, ಹಳೇ ದನಿ ಬಂತೇನು?" ಎಂದು ಕೇಳಿದೆ. ಅವರು ಬಹಳ ಹೊತ್ತು ತಲೆ ತಗ್ಗಿಸಿ ಆಲಿಸಿದರು.

"ಹಳೇದು ಎಲ್ಲಿಂದ ಬರ್ತೈತಿ? ಇದು ಬ್ಯಾರೆ ದನಿನ. ಆದ್ರ ಗಾಡಿ ಆರಾಮ ಐತಿ" ಎಂದರು. ಅನಂತರ ಕಟ್ಟೆಯಿಂದಿಳಿದು, ನನ್ನ ಹೆಗಲಿಗೆ ಕೈಯೂರಿ ಹಿಂದಿನ ಸೀಟಿನಲ್ಲಿ ಕುಳಿತು, "ನಡಿ, ಕಣ್ಣಿನ ಡಾಕ್ಟರ್ ಕಡೆ ಇವತ್ತರ ಹೋಗಿ ಬರೂಣು" ಎಂದರು.