ಸವೆದ ಹೆಬ್ಬೆಟ್ಟು, ಸೋಮಾರಿಯೆಂಬ ಬಿರುದು

ಕಳೆದ ತಿಂಗಳು ಯರಗಟ್ಟಿಯಲ್ಲಿ ಒಂದು ರೇಶನ್ ಅಂಗಡಿಯ ಮುಂದೆ ನಾವು ಅರ್ಧ ತಾಸು ನಿಂತಿದ್ದೆವು. ಸಾಲಿನಲ್ಲಿ ಅರವತ್ತರ ಹತ್ತಿರ ಬಂದ ಒಬ್ಬ ತಾಯಿ ಇದ್ದಳು. ತನ್ನ ಪಾಳಿ ಬಂದಾಗ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ತಲೆಗೂದಲಿಗೆ ಬೆರಳು ತಿಕ್ಕಿ ಎಣ್ಣೆಯ ಪಸೆ ಹಚ್ಚಿ ಇಟ್ಟಳು. ಹೆಬ್ಬೆಟ್ಟಾಯಿತು, ತೋರುಬೆರಳಾಯಿತು, ಕಡೆಗೆ ಕಿರುಬೆರಳೂ ಆಯಿತು. “ಬೆರಳ ತಗೋವಲ್ದು ಯವ್ವಾ, ನಾಳಿ ಬಾ” ಎಂದ ಅಂಗಡಿಯವ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಯಂತ್ರ ಅವನ ಮಾತನ್ನೂ ಕೇಳುವದಿಲ್ಲ. ಆಕೆ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ನಾಳೆ ಬರುವದೆಂದರೆ ನಾಳಿನ ಕೂಲಿ ಹೋಯಿತು ಎಂದರ್ಥ.

ಆ ಬೆರಳಿನ ಗೆರೆಗಳು ಎಲ್ಲಿ ಹೋದವು? ಹತ್ತಿ ಬಿಡಿಸುವಲ್ಲಿ, ಕಳೆ ತೆಗೆಯುವಲ್ಲಿ, ಕಂಡವರ ಮನೆಯ ಪಾತ್ರೆಗೆ ಬೂದಿ ಹಚ್ಚಿ ತಿಕ್ಕುವಲ್ಲಿ ನಾಲ್ವತ್ತು ವರ್ಷ ಸವೆದು ಹೋದವು. ಆದರೆ ಅದೇ ಅಂಗಡಿಯಿಂದ ಇಪ್ಪತ್ತು ಹೆಜ್ಜೆಯ ಮೇಲೆ ಚಹದಂಗಡಿಯಲ್ಲಿ ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರು ಬೇರೊಂದು ಸಿದ್ಧಾಂತ ಹೇಳುತ್ತಿದ್ದರು. ಪುಕ್ಕಟೆ ಅಕ್ಕಿ ತಿಂದು ಜನ ಸೋಮಾರಿಗಳಾದರು, ಹೊಲಕ್ಕೆ ಆಳು ಸಿಗುವದಿಲ್ಲ, ದೇಶ ಕೆಟ್ಟಿತು ಎಂದು. ದುಡಿದು ದುಡಿದು ಬೆರಳಚ್ಚನ್ನೇ ಕಳೆದುಕೊಂಡವಳು ಒಂದು ಕಡೆ. ಆಕೆಗೆ ಸೋಮಾರಿಯೆಂಬ ಬಿರುದು ಕೊಟ್ಟು ಬಸಿಯಿಂದ ಚಹ ಹೀರುವವರು ಇನ್ನೊಂದು ಕಡೆ.

ನಮ್ಮ ಭಾಷೆಯಲ್ಲಿ ಹೆಬ್ಬೆಟ್ಟು ಎಂಬುದು ಬೈಗುಳವೂ ಹೌದು. ಓದು ಬಾರದವನಿಗೆ ‘ಅವನೊಬ್ಬ ಹೆಬ್ಬೆಟ್ಟು’ ಎನ್ನುತ್ತೇವೆ. ಆ ಹೆಬ್ಬೆಟ್ಟನ್ನು ಸಾವಕಾರನ ಕಾಗದಕ್ಕೆ ಒತ್ತಿಸಿಕೊಂಡಾಗ ಅದು ಚೆನ್ನಾಗಿಯೇ ಮೂಡುತ್ತಿತ್ತು. ಹೊಲ ಹೋಗುವಾಗ ಮೂಡಿದ ಗುರುತು ಅಕ್ಕಿ ಬರುವಾಗ ಮೂಡುವದಿಲ್ಲ!

ಈಗ ಸೋಮಾರಿತನದ ಲೆಕ್ಕ ನೋಡೋಣ. ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾದದ್ದು 2013ರ ಜುಲೈ ತಿಂಗಳಲ್ಲಿ. ಅದೇ ವರ್ಷ ಕೇಂದ್ರದಲ್ಲಿ ಆಹಾರ ಭದ್ರತಾ ಕಾಯದೆ ಬಂದು, ಆದ್ಯತಾ ಮನೆಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಹಕ್ಕಾಯಿತು. 2023ರಲ್ಲಿ ರಾಜ್ಯ ಸರಕಾರ ಇನ್ನೂ 5 ಕಿಲೋ ಕೊಡಹೊರಟಾಗ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಎರಡನ್ನೂ ಕೂಡಿಸಿ 10 ಕಿಲೋ ಎಂದೇ ಹಿಡಿಯಿರಿ. ದಿನಕ್ಕೆ ಸುಮಾರು 333 ಗ್ರಾಂ ಆಗುವದು. ಅದರ ಮೇಲೆ ಬೇಳೆ ಬೇಕು, ಎಣ್ಣೆ ಬೇಕು, ಖಾರ ಬೇಕು, ಬಾಡಿಗೆ, ಔಷಧ, ಮಗಳ ಬಾಣಂತನ ಎಲ್ಲವೂ ಬೇಕು. ಅಷ್ಟು ಅಕ್ಕಿಯಿಂದ ಒಬ್ಬ ಮನುಷ್ಯ ಕೈಕಟ್ಟಿ ಕೂಡ್ರುವನೆಂದರೆ, ಹಾಗೆನ್ನುವವರು ಒಂದು ತಿಂಗಳು ತಾವೇ ಕೂತು ತೋರಿಸಬೇಕು.

ಇದು ಚಹದಂಗಡಿಯ ಮಾತು ಮಾತ್ರವಾಗಿದ್ದರೆ ನಾವು ಬರೆಯುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ನಗರಗಳ ನಿರಾಶ್ರಿತರ ಮೊಕದ್ದಮೆ ನಡೆದಾಗ, ಪುಕ್ಕಟೆ ರೇಶನ್ನು ಮತ್ತು ರೊಕ್ಕ ಸಿಗುವದರಿಂದ ಜನ ದುಡಿಯಲೊಲ್ಲರು ಎಂಬ ಅರ್ಥದ ಮಾತು ಸುಪ್ರೀಂ ಕೋರ್ಟಿನ ಪೀಠದಿಂದಲೇ ಬಂದಿತು. ಅದೇ ವಾರ ಒಂದು ಭಾರೀ ಕಂಪನಿಯ ಮುಖ್ಯಸ್ಥರೂ ಇದೇ ರಾಗ ಹಾಡಿದರು. ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಕೇಳಿದ ಮೊಕದ್ದಮೆಯಲ್ಲಿ ಈ ಮಾತು ಬಂದದ್ದು ನಮಗೆ ಹೆಚ್ಚು ನೋವಿನ ಸಂಗತಿ.

ಪರೀಕ್ಷೆ ಮಾಡಿ ನೋಡಿದವರು ಏನೆನ್ನುತ್ತಾರೆ? ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿಯವರೂ ಅವರ ಜೊತೆಗಾರರೂ ಮೆಕ್ಸಿಕೋ, ಇಂಡೊನೇಷ್ಯಾ ಮೊದಲಾದ ಆರು ದೇಶಗಳ ಏಳು ನೆರವಿನ ಯೋಜನೆಗಳ ಅಂಕಿ ಸಂಖ್ಯೆಗಳನ್ನು ಒಟ್ಟಿಗಿಟ್ಟು ನೋಡಿದರು. ಬಡವರ ಕೈಗೆ ರೊಕ್ಕ ಕೊಟ್ಟರೆ ಅವರು ದುಡಿಮೆ ಬಿಡುತ್ತಾರೆಂಬುದಕ್ಕೆ ಆಧಾರ ಸಿಗಲಿಲ್ಲವೆಂದು 2017ರಲ್ಲಿ ಪ್ರಕಟಿಸಿದರು.

ಇನ್ನು ಆಳು ಸಿಗುವದಿಲ್ಲವೆಂಬ ದೂರು. ಇದನ್ನು ಪೂರ್ತಿ ಹೇಳಿದರೆ ‘ಹಿಂದಿನ ಕೂಲಿಗೆ ಆಳು ಸಿಗುವದಿಲ್ಲ’ ಎಂದಾಗುವದು. ಉದ್ಯೋಗ ಖಾತ್ರಿಯಲ್ಲಿ 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು. ಮನೆಯಲ್ಲಿ ನಾಲ್ಕು ದಿನದ ಅಕ್ಕಿ ಇದ್ದವಳು ಅದಕ್ಕಿಂತ ಬಹಳ ಕಡಿಮೆ ಕೂಲಿಗೆ ಕರೆದರೆ ‘ಒಲ್ಲೆ’ ಎನ್ನಬಲ್ಲಳು. ಈ ಒಲ್ಲೆನ್ನುವ ಶಕ್ತಿಯೇ ಕೆಲವರ ಕಣ್ಣಿಗೆ ಸೋಮಾರಿತನವಾಗಿ ಕಂಡಿದೆ. ಅಡತಿಯವನು ಬೆಲೆ ಬರುವವರೆಗೆ ಹತ್ತಿಯನ್ನು ಗೋದಾಮಿನಲ್ಲಿಟ್ಟರೆ ಅದು ವ್ಯವಹಾರ ಚಾತುರ್ಯ. ಕೂಲಿಕಾರಳು ಎರಡು ದಿನ ತನ್ನ ಬೆವರನ್ನು ತಡೆಹಿಡಿದರೆ ಅದು ಮೈಗಳ್ಳತನ! ನಮ್ಮ ಭಾಗದ ಸೋಮಾರಿಗಳು ಎಲ್ಲಿದ್ದಾರೆಂದು ತಿಳಿಯಬೇಕಾದವರು ಗೋವೆಯ ಬಸ್ಸು ಹತ್ತಿ ನೋಡಲಿ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಕಡೆಯ ಜನ ಅಲ್ಲಿ ಕಲ್ಲು ಹೊತ್ತು, ಗಟಾರ ತೋಡಿ, ಘಾಟಿಗಳೆಂದು ಅನಿಸಿಕೊಂಡು ದುಡಿಯುತ್ತಿದ್ದಾರೆ. ಊರಲ್ಲಿ ಸೋಮಾರಿ, ಪರವೂರಲ್ಲಿ ಘಾಟಿ.

ರೇಶನ್ ಅಕ್ಕಿಯನ್ನು ಮಾರಿಕೊಳ್ಳುತ್ತಾರೆಂಬ ಆರೋಪ ಇನ್ನೊಂದು. ಮಾರುತ್ತಾರೆ, ನಾವು ಅಲ್ಲಗಳೆಯುವದಿಲ್ಲ. ಆದರೆ ನಮ್ಮ ಸೀಮೆಯ ಊಟ ಯಾವದು? ಜೋಳದ ರೊಟ್ಟಿ. ಹೊಲದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವವರಿಗೆ ಅನ್ನ ಹೊಟ್ಟೆಯಲ್ಲಿ ನಿಲ್ಲುವದಿಲ್ಲ. ನಾಲ್ಕು ಕಿಲೋ ಅಕ್ಕಿ ಕೊಟ್ಟು ಎರಡು ಕಿಲೋ ಜೋಳ ತರುವವಳನ್ನು ಕಳ್ಳಿ ಎನ್ನುತ್ತೇವೆ. ಆ ಅಕ್ಕಿಯನ್ನು ಮಣ್ಣಿನ ಬೆಲೆಗೆ ಕೊಂಡು ಲಾರಿ ತುಂಬಿ ಕಳಿಸುವವನನ್ನು ‘ಧಣಿ’ ಎನ್ನುತ್ತೇವೆ.

ಕುಡಿತದ ಮಾತಿಗೂ ಬರೋಣ. ದುಡಿಯುವವರ ಓಣಿಗಳನ್ನು ಕುಡಿತ ಹಾಳು ಮಾಡಿದೆ. ಇದನ್ನು ಮುಚ್ಚಿಟ್ಟು ಮಾತಾಡುವವರು ನಮ್ಮ ಹೆಣ್ಣುಮಕ್ಕಳಿಗೆ ದ್ರೋಹ ಮಾಡಿದಂತೆ. ಆದರೆ ಹೆಂಡ ಮಾರಿ ಬೊಕ್ಕಸ ತುಂಬುವವರು ಯಾರು? 2007ರ ಜುಲೈದಿಂದ ಸಾರಾಯಿ ನಿಂತಿತು, ಬಾಟಲಿ ಬಂದಿತು. 2025-26ರ ಮುಂಗಡ ಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಹಾಕಿಕೊಳ್ಳಲಾಯಿತು. ಗುರಿ ಮುಟ್ಟಬೇಕಾದರೆ ಕುಡಿಯುವವರು ಕುಡಿಯಲೇಬೇಕಷ್ಟೆ. ಹೀಗಿದ್ದೂ ಬಡವನೊಬ್ಬ ಸತ್ತರೆ ಮೊದಲು ಬಾಯಿಗೆ ಬರುವ ಕಾರಣ ಕುಡಿತ. 2017ರ ಜುಲೈದಲ್ಲಿ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ದಲಿತ ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ ಜೋಡಣೆಯಾಗದೆ ಆ ಮನೆಗೆ ತಿಂಗಳುಗಟ್ಟಲೆ ರೇಶನ್ ಬಂದಿರಲಿಲ್ಲವೆಂದು ಹೋಗಿ ವಿಚಾರಿಸಿದವರು ಬರೆದರು. ಇದು ಹಸಿವಿನ ಸಾವಲ್ಲ, ಕುಡಿತದ್ದು ಎಂಬ ಉತ್ತರ ಸರಕಾರದ ಕಡೆಯಿಂದ ಬಂದಿತು. ಕುಡುಕನಿಗೆ ಹಸಿವು ಆಗುವದಿಲ್ಲವೇ? ಅವನ ಮನೆಯ ಅಕ್ಕಿಯನ್ನು ನಿಲ್ಲಿಸಬಹುದೇ? ಉತ್ತರ ಕೊಟ್ಟವರು ಈ ಪ್ರಶ್ನೆ ಕೇಳಿಕೊಂಡಂತೆ ಕಾಣಲಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕಾಗಿದೆ. ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಿದ್ದೆವು. ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗ ಇದ್ದ. ಲೆಕ್ಕ ಕೇಳಿದರೆ ಕಣ್ಣು ಬಿಟ್ಟು ನೋಡುತ್ತಿದ್ದ. ಮೊದಲನೆಯ ಗಂಟೆಯಲ್ಲಿಯೇ ತೂಕಡಿಸುತ್ತಿದ್ದ. ನಾವು ಅವನನ್ನು ದಡ್ಡನೆಂದು ಕೊನೆಯ ಸಾಲಿನಲ್ಲಿ ಕೂಡ್ರಿಸಿದೆವು. ಎರಡು ಸಲ ಹೊಡೆದೆವು ಕೂಡ. ಸುಗ್ಗಿ ಮುಗಿದ ಮೇಲೆ ಅದೇ ಹುಡುಗ ಮಗ್ಗಿಯನ್ನು ತಪ್ಪಿಲ್ಲದೆ ಹೇಳತೊಡಗಿದ. ನಮ್ಮ ಬೋಧನೆಯ ಫಲವೆಂದು ಹಿಗ್ಗಿದೆವು. ಒಂದು ದಿನ ಅವನ ತಾಯಿ ಸಿಕ್ಕಾಗ ತಿಳಿಯಿತು: ಸುಗ್ಗಿಗೆ ಮುಂಚಿನ ಎರಡು ತಿಂಗಳು ಆ ಮನೆಯಲ್ಲಿ ರಾತ್ರಿ ಒಲೆ ಹೊತ್ತುವದು ಒಂದು ದಿನ ಬಿಟ್ಟು ಒಂದು ದಿನ. ಹುಡುಗ ಹಸಿವೆಯಿಂದ ತೂಕಡಿಸುತ್ತಿದ್ದ, ನಾವು ಹೊಡೆಯುತ್ತಿದ್ದೆವು. ಆ ಬೆತ್ತವನ್ನು ನೆನೆದರೆ ಈಗಲೂ ಕೈ ನಡುಗುವದು.

ಮುಂದೆ ಬಹಳ ದಿನಗಳ ಮೇಲೆ ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಶೋಧನೆಯ ಸಂಗತಿಯನ್ನು ಓದಿದೆವು. ಅದೇ ಒಕ್ಕಲಿಗರಿಗೆ ಕಬ್ಬಿನ ರೊಕ್ಕ ಕೈಗೆ ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆ ಮಾಡಿದರು. 464 ಒಕ್ಕಲಿಗರು, 54 ಹಳ್ಳಿಗಳು. ರೊಕ್ಕ ಬರುವ ಮುಂಚೆ ಅವರು ತಪ್ಪುಗಳನ್ನು ಹೆಚ್ಚು ಮಾಡಿದರು; ಬಂದ ಮೇಲೆ ಅದೇ ತಲೆ ಚುರುಕಾಯಿತು. ನಾಳಿನ ಚಿಂತೆ ತಲೆಯ ಅರ್ಧ ಜಾಗವನ್ನು ತಿಂದಿರುವಾಗ ಉಳಿದರ್ಧದಲ್ಲಿ ಮನುಷ್ಯ ಎಷ್ಟು ಲೆಕ್ಕ ಮಾಡಿಯಾನು? ಗಿರಣಿಯಲ್ಲಿ ಕಡೆಯ ಪಾಳಿ ಮಾಡಿದವರಿಗೆ, ಪಗಾರಕ್ಕೆ ಎಂಟು ದಿನ ಇರುವಾಗ ಮಗುವಿಗೆ ಜ್ವರ ಬಂದವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಗಿರಣಿಯವರಿಗೆ ಈ ಬಿರುದುಗಳು ಹೊಸವೂ ಅಲ್ಲ. ಆಗಾಗ ಗೈರುಹಾಜರಾಗುತ್ತಾರೆ, ಹಳ್ಳಿಗೆ ಓಡಿಹೋಗುತ್ತಾರೆ, ದುಂದು ಮಾಡಿ ಸಾಲಗಾರರಾಗುತ್ತಾರೆ ಎಂದು ಬ್ರಿಟಿಷರ ಕಾಲದ ಮಾಲಕರು ದೂರುತ್ತಿದ್ದರು. ಹಳ್ಳಿಯವ ಪಟ್ಟಣದ ಆಸೆಗೆ ಗಿರಣಿಗೆ ಬಂದವನಲ್ಲ, ಹಳ್ಳಿಯಿಂದ ದಬ್ಬಿಸಿಕೊಂಡು ಬಂದವನು ಎಂಬುದನ್ನು 1931ರ ರಾಯಲ್ ಲೇಬರ್ ಕಮಿಶನ್ ವರದಿಯೇ ಒಪ್ಪಿಕೊಳ್ಳಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ 1871ರಲ್ಲಿ ಸರಕಾರ ಕೆಲವು ಅಲೆಮಾರಿ ಬಡವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯದೆ ಮಾಡಿತು. ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಅವರನ್ನು ಇಟ್ಟ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯದೆ 1952ರಲ್ಲಿ ರದ್ದಾಯಿತು. ಕಳವಾದಾಗ ಮೊದಲು ಆ ಓಣಿಯ ಕಡೆ ನೋಡುವ ಕಣ್ಣು ಮಾತ್ರ ರದ್ದಾಗಲಿಲ್ಲ.

ಚಿಲ್ಲರೆ ಅಂಗಡಿಯ ಗೆಳೆಯರಿಗೆ ಒಂದು ಮಾತು. ಬಡವರ ವಿಷಯ ನಮಗೇಕೆಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ನಿಮ್ಮ ಉದ್ರಿ ಖಾತೆಯನ್ನು ತೆರೆದು ನೋಡಿರಿ. ಐದು ರೂಪಾಯಿ ಎಣ್ಣೆ, ಹತ್ತು ರೂಪಾಯಿ ಸಕ್ಕರೆ ಒಯ್ಯುವವರು ಸಂತೆಯ ದಿನ ತಪ್ಪದೆ ಬಂದು ಖಾತೆ ಮುರಿಸುತ್ತಾರೆ. ಮುಳುಗಿಸುವವರು ಯಾರೆಂಬುದು ನಿಮಗೇ ಗೊತ್ತು. 2014ರಿಂದ 2023ರ ವರೆಗಿನ ಒಂಬತ್ತು ವರ್ಷಗಳಲ್ಲಿ ದೇಶದ ಬ್ಯಾಂಕುಗಳು 14.56 ಲಕ್ಷ ಕೋಟಿ ರೂಪಾಯಿ ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದವು. ಅದರ ಅರ್ಧದಷ್ಟು ದೊಡ್ಡ ಉದ್ದಿಮೆಗಳದು. ವಸೂಲಿ ಮುಂದುವರಿಯುವದೆಂದು ಸರಕಾರ ಹೇಳಿತು, ವಸೂಲಾದದ್ದು ಸ್ವಲ್ಪ. ಆ ದೊಡ್ಡವರನ್ನು ಸೋಮಾರಿಗಳೆಂದು ಯಾರೂ ಅನ್ನಲಿಲ್ಲ. ಅದೇ ಸಂಶಯದ ಕಣ್ಣು ನಿಮ್ಮ ಕಡೆಗೆ ತಿರುಗಿದ್ದನ್ನು ಮರೆತಿರಾ? 2025ರ ಜುಲೈದಲ್ಲಿ ಮೊಬೈಲಿನಲ್ಲಿ ಬಂದ ರೊಕ್ಕವನ್ನೆಲ್ಲ ಎಣಿಸಿ ಸಣ್ಣ ಅಂಗಡಿಕಾರರಿಗೆ ನೋಟೀಸು ಹೊಡೆದರು. ಹಾವೇರಿಯ ಒಬ್ಬ ಕಾಯಿಪಲ್ಲೆ ಮಾರುವವನಿಗೆ 29 ಲಕ್ಷದ ನೋಟೀಸು ಬಂದಿತು. ಕಾಯಿಪಲ್ಲೆಗೆ ತೆರಿಗೆಯೇ ಇಲ್ಲವೆಂಬುದು ಆಮೇಲೆ ನೆನಪಾಯಿತು! ನೀವು ಒಗ್ಗಟ್ಟಾಗಿ ಕೂಗಿದಿರಿ, ಸರಕಾರ ಹಿಂದೆ ಸರಿಯಿತು. ಅದರ ಹಿಂದಿನ ವರ್ಷ, 2024ರ ನವೆಂಬರದಲ್ಲಿ, ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಹೊರಟಾಗಲೂ ಹೀಗೆಯೇ. ಸುಳ್ಳು ಕಾರ್ಡಿನವರನ್ನು ಹುಡುಕುವದು ತಪ್ಪಲ್ಲ; ಎಲ್ಲರನ್ನೂ ಮೊದಲು ಸುಳ್ಳರೆಂದು ಹಿಡಿದು, ಆಮೇಲೆ ನೀನೇ ನಿಜ ತೋರಿಸು ಎನ್ನುವದು ತಪ್ಪು. ಜನ ಎದ್ದ ಮೇಲೆ ಕಾರ್ಡುಗಳು ಮರಳಿ ಬಂದವು.

ಈಗ ಯರಗಟ್ಟಿಯ ಆ ತಾಯಿಯ ವಿಷಯ. ಆಧಾರದ ತೊಡಕಿನಿಂದಾಗಲಿ ಬೆರಳಚ್ಚು ಹೊಂದದ್ದರಿಂದಾಗಲಿ ಯಾರನ್ನೂ ಧಾನ್ಯವಿಲ್ಲದೆ ಮರಳಿ ಕಳಿಸಕೂಡದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರದಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಕಾಗದ ಇದೆ, ಅಂಗಡಿಯ ಗೋಡೆಯ ಮೇಲೆ ಮಾತ್ರ ಕಾಣುವದಿಲ್ಲ. ಬೆರಳು ಮೂಡದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಅದೇ ದಿನ ಧಾನ್ಯ ಕೊಡಬೇಕು. ಕೊಡದಿದ್ದರೆ ಏಕೆ ಕೊಡಲಿಲ್ಲವೆಂದು ಬರೆದುಕೊಡಬೇಕು. ಮುದುಕರಿಗೆ ಮನೆಗೇ ಮುಟ್ಟಿಸಬೇಕು. ಇಷ್ಟನ್ನೇ ನಾವು ತಹಶೀಲ್ದಾರರ ಮುಂದೆ ಇಟ್ಟಿದ್ದೇವೆ. ಮುಂದಿನ ಹಂಚಿಕೆಯ ದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ನಾಲ್ವರು ಆ ಅಂಗಡಿಯ ಮುಂದೆ ವಹಿ ಹಿಡಿದು ಕೂಡ್ರುವರು, ಮರಳಿ ಹೋಗುವ ಪ್ರತಿಯೊಬ್ಬರ ಕಾರ್ಡಿನ ನಂಬರು ಬರೆದುಕೊಳ್ಳುವರು. ರಾತ್ರಿ ಪಾಳಿ ಮುಗಿಸಿ ಬರುವ ಗಿರಣಿಯ ಗೆಳೆಯರು ಮನೆಗೆ ಹೋಗುವ ಮುಂಚೆ ಅರ್ಧ ತಾಸು ನಿಂತರೆ ಸಾಕು. ಸಮೀಪದ ಕಿರಾಣಿಯವರು ಒಂದು ಬಾಕು ಹಾಕಿ ಕೊಡಬೇಕು, ಆ ತಾಯಿಗೆ ಬಹಳ ಹೊತ್ತು ನಿಲ್ಲುವದಾಗುವದಿಲ್ಲ.