ಬಡವರ ಊಟಿಗೂ ಬಂತು ಏಸಿ!

ಹಾಸನಕ್ಕೆ 'ಬಡವರ ಊಟಿ' ಎಂಬ ಹೆಸರು ಇವತ್ತು ನೆನ್ನೆಯದಲ್ಲ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿರುವ ಊರಿದು. ಆದರೆ ಈಗ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. 30-40ರ ಸೈಟಿನ ಮನೆಗಳ ಗೋಡೆಗೂ ಏಸಿ ಡಬ್ಬ ನೇತುಬಿದ್ದಿದೆ. ಊರಿನ ಬಿಸಿಲು ಏರಿದೆ ಅನ್ನೋದು ಅರ್ಧ ನಿಜ. ಉಳಿದರ್ಧ ತಪ್ಪು ನಾವು ಕಟ್ಟುತ್ತಿರುವ ಮನೆಯದು.

ಒಂದು ಮನೆ ಪರಿಸರಕ್ಕೆ ಎಷ್ಟು ಹೊರೆ ಎಂದು ಅಳೆದು ಮಾರ್ಕ್ಸ್ ಹಾಕುವ ಪದ್ಧತಿ ನಮ್ಮ ದೇಶದಲ್ಲೂ ಇದೆ. 'ಗೃಹ' ಎಂಬುದು ಐದು ನಕ್ಷತ್ರದವರೆಗೆ ಕೊಡುತ್ತೆ. ಅದು ದೊಡ್ಡ ಕಟ್ಟಡಗಳ ವ್ಯವಹಾರ. ಚಿಕ್ಕವಕ್ಕೆ 'ಸ್ವಗೃಹ' ಅಂತ ಬೇರೆ ಇದೆ, ಇಷ್ಟವಿದ್ದವರು ಅರ್ಜಿ ಹಾಕಿ ಪಡೆಯಬಹುದು. ಅರಕಲಗೂಡಿನಲ್ಲಿ ಯಾರು ಹಾಕುತ್ತಾರೆ ಸ್ವಾಮಿ? ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಮನೆಗಳಿಗೆಂದೇ 'ಇಕೋ ನಿವಾಸ ಸಂಹಿತೆ' ಹೊರಡಿಸಿತು. ಗೋಡೆ, ಕಿಟಕಿಗಳಿಂದ ಒಳನುಗ್ಗುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂಬುದು ಅದರ ಕಟ್ಟಳೆ. ಒಳ್ಳೇದೇ. ಆದರೆ ಅದು ಹೊರಟಾಗ ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೆ. ಅದೂ ಆಯಾ ರಾಜ್ಯ ಅಳವಡಿಸಿಕೊಂಡರೆ. ನಮ್ಮ 30-40ರ ಸೈಟು ಲೆಕ್ಕ ಹಾಕಿದರೆ 111 ಚದರ ಮೀಟರು! ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಮೇಲೇಳುತ್ತಿರುವ ಬಹುಪಾಲು ಮನೆಗಳು ಈ ಜರಡಿಯಲ್ಲಿ ಉದುರಿಹೋಗುತ್ತವೆ. ಕಾನೂನು ಕೇಳದ ಮೇಲೆ ಕಟ್ಟಿಸುವವನೇ ಕೇಳಬೇಕು.

ಮೊದಲು ಸಾಮಾನಿನ ಲೆಕ್ಕ. ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆ ತಯಾರಾಗುವಾಗಲೇ ಸಿಕ್ಕಾಪಟ್ಟೆ ಇಂಧನ ನುಂಗಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಅಂಗಡಿಯವರ ಭಾಷೆಗೆ ತಂದರೆ ಹೀಗೆ: ಪಿಲ್ಲರ್ ಎಬ್ಬಿಸಿ ಕಟ್ಟಿದ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ ನೂರು ರೂಪಾಯಿನಷ್ಟು ಇಂಧನ ಹಿಡಿದರೆ, ಗೋಡೆಯ ಮೇಲೇ ಭಾರ ಹೊರಿಸಿದ ಎರಡಂತಸ್ತಿನ ಇಟ್ಟಿಗೆ ಮನೆಗೆ 69 ರೂಪಾಯಿ ಸಾಕು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಅಚ್ಚಿನಲ್ಲಿ ಒತ್ತಿದ, ಸುಡದ ಇಟ್ಟಿಗೆಯ ಮನೆಗೆ ಬರೀ 38. ಆ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಇಂಥ ಇಟ್ಟಿಗೆ ಒತ್ತಲು ಕೈಯಲ್ಲೇ ನಡೆಸುವ ಯಂತ್ರವನ್ನೂ ಮಾಡಿದರು. ನಮ್ಮಲ್ಲೋ, ನೆಲಮನೆಗೂ ಪಿಲ್ಲರ್ ಎಬ್ಬಿಸದಿದ್ದರೆ ನೆಂಟರ ಮುಂದೆ ಮರ್ಯಾದೆ ಇಲ್ಲ.

ಈ ಲೆಕ್ಕ ಹಿಡಿದು ಹೊಳೆನರಸೀಪುರದ ಹಳೇ ಬೀದಿಗೆ ಹೋದರೆ ಬೇರೆಯೇ ಚಿತ್ರ. ದಪ್ಪ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ. ಇಂಥ ಮನೆಗೆ ಇಂಧನ ಖರ್ಚಾಗಿದ್ದು ಅಜ್ಜನ ಕಾಲದಲ್ಲಿ. ಆ ಸಾಲ ಯಾವತ್ತೋ ತೀರಿದೆ. ಅದನ್ನು ಜೆಸಿಬಿ ತಂದು ಉರುಳಿಸಿ ತಾರಸಿ ಮನೆ ಎಬ್ಬಿಸಿದರೆ ಸಾಲ ಹೊಸದಾಗಿ ಶುರು, ಬ್ಯಾಂಕಿಗೂ, ಪರಿಸರಕ್ಕೂ. ಹಾಗಂತ ಹೆಂಚಿನ ಮನೆಯವರನ್ನು ದೂರುವಂತಿಲ್ಲ. ಮಂಗನ ಕಾಟ ಕಂಡವರಿಗೇ ಗೊತ್ತು. ವರ್ಷ ವರ್ಷ ಹೆಂಚು ಕೈಯಾಡಿಸೋಕೆ ಆಳು ಸಿಗೋದಿಲ್ಲ, ತೊಲೆಗೆ ಗೆದ್ದಲು. ಆದರೆ ಗೋಡೆ ಗಟ್ಟಿ ಇದ್ದರೆ ಚಾವಣಿಯನ್ನಷ್ಟೇ ಬದಲಿಸಬಹುದಾ ಎಂದು ಎಂಜಿನಿಯರನ್ನು ಒಂದು ಮಾತು ಕೇಳುವುದರಲ್ಲಿ ನಷ್ಟವೇನು? ಹೊಸ ಮೋಲ್ಡ್ ಹಾಕಲೇಬೇಕೆಂದರೂ ದಾರಿ ಇದೆ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟಿಗೆ ಹೊರುವ ಕೆಲಸ ಹೆಚ್ಚಿಲ್ಲ. ಕೇರಳದಲ್ಲಿ ಲಾರಿ ಬೇಕರ್ ಎಂಬ ಪುಣ್ಯಾತ್ಮ ಕಂಬಿಗಳ ನಡುವೆ ಹಳೇ ಹೆಂಚು ಕೂರಿಸಿ ಅಲ್ಲಿ ಕಾಂಕ್ರೀಟು ಉಳಿಸುವುದನ್ನು ಜನರಿಗೆ ರೂಢಿ ಮಾಡಿಸಿದರು.

ಇನ್ನು ಶಾಖ. ತಾರಸಿ ಹಗಲೆಲ್ಲ ಕಾದು ರಾತ್ರಿ ಒಳಗೆ ಕಾರುತ್ತೆ. ಶಾಂತಿಗ್ರಾಮದ ಕಡೆಯ ಬಸ್ಸಿನಲ್ಲಿ ಕೂತು ಹೊರಗೆ ನೋಡಿ, ಪಡುವಣಕ್ಕೆ ಮುಖ ಮಾಡಿದ ಮನೆಗಳಿಗೂ ಅಂದಕ್ಕೆಂದು ಆಳೆತ್ತರದ ಗಾಜು, ಮೇಲೆ ಗೇಣುದ್ದದ ಸಜ್ಜವೂ ಇಲ್ಲ! ತಾರಸಿಗೆ ಬಿಳಿ ಬಳಿಸುವುದು, ಕಿಟಕಿಗೆ ಎರಡಡಿ ಸಜ್ಜ, ಎದುರು ಬದುರು ಕಿಟಕಿ: ಮೇಸ್ತ್ರಿಗೆ ಹೇಳಿದರೆ ಆಗುವ ಕೆಲಸಗಳಿವು.

ಬಾಡಿಗೆ ಮನೆ ಕಟ್ಟಿಸುವವರದು ಇನ್ನೊಂದು ವರಸೆ. ಕರೆಂಟು ಬಿಲ್ಲು ಬಾಡಿಗೆಯವನ ತಲೆಗೆ, ಹಾಗಾಗಿ ಸಜ್ಜ ಉಳಿಸಿದ ದುಡ್ಡು ಮಾಲೀಕನ ಜೇಬಿಗೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರೂ ಸುಮ್ಮನಾಗಿದ್ದಾರೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ದಿನವೂ ಏಸಿ ಓಡಿದರೆ ಆ ಗೆರೆ ದಾಟುವುದು ಕಷ್ಟವೇನಲ್ಲ. ಮನೆ ಕಾದಿದ್ದಕ್ಕೆ ದಂಡ ತೆರುವವನು ಒಳಗಿರುವವನು, ಕಟ್ಟಿಸಿದವನಲ್ಲ.

ನೀರಿನ ಮಾತು ಚುಟುಕಾಗಿ ಹೇಳಬಹುದು. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ 1995ರಲ್ಲಿ ಕಟ್ಟಿಕೊಂಡ 'ಸೌರಭ' ಮನೆ ನಲ್ಲಿ ನೀರಿನ ಹಂಗಿಲ್ಲದೆ ಮಳೆ ನೀರಲ್ಲೇ ಸಂಸಾರ ಸಾಗಿಸಿ ತೋರಿಸಿತು. ಅಲ್ಲಿ ಹೊಸದಾಗಿ ಕಟ್ಟುವ 30-40ರ ಮನೆಗೂ ಮಳೆಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ನಮ್ಮಲ್ಲಿ ತಾರಸಿಯ ಪೈಪು ನೇರ ಮೋರಿಗೆ. ಆಮೇಲೆ ಗೊರೂರಿನಿಂದ ಹೇಮಾವತಿ ಬರಲಿಲ್ಲ ಅಂತ ಖಾಲಿ ಕೊಡ ಹಿಡಿದು ಬೀದಿಗೆ.

ಪ್ಲಾನ್ ಮಂಜೂರಾತಿಗೆ ಹೋದರೆ ಅಕ್ಕಪಕ್ಕ ಎಷ್ಟು ಜಾಗ ಬಿಟ್ಟಿರಿ, ಎಷ್ಟು ಮಹಡಿ ಅಂತೆಲ್ಲ ಕೇಳುತ್ತಾರೆ. ಹುಡಾದವರು ಮುಂದಿನ ಬಡಾವಣೆಯ ಸೈಟು ಹಂಚುವಾಗ ಪತ್ರದ ಜೊತೆ ಇನ್ನೊಂದೇ ಹಾಳೆ ಕೊಡಲಿ: ಗೋಡೆ ಯಾವುದರದು, ಪಡುವಣ ದಿಕ್ಕಿಗೆ ಎಷ್ಟು ಗಾಜು, ಕಿಟಕಿಗೆ ಸಜ್ಜ ಎಷ್ಟು ಅಡಿ, ತಾರಸಿ ನೀರು ಸಂಪಿಗೋ ಮೋರಿಗೋ. ತಲಾ 25 ಮಾರ್ಕ್ಸ್. ಬಾಡಿಗೆ ಮನೆಯಾದರೆ ಆ ಹಾಳೆಯನ್ನು ಕರಾರು ಪತ್ರಕ್ಕೂ ಲಗತ್ತಿಸಲಿ.